ನಲವತ್ತೊಂದರ ಎದುರು ಪುಟ

ಸೆಪ್ಟೆಂಬರ್ 9, ಸೋಮವಾರ

ರೆಫರೆನ್ಸ್ ಮೇಜಿನ ಮೇಲೆ ಮತ್ತೆ ಮಣ್ಣು. ಮೇಷ್ಟ್ರ ಕೆಲಸ. ಗಣಿತ ಕಲಿಸಿ ರಿಟೈರ್ ಆದವರು, ಈಗ ಅಣಬೆಯ ಹುಚ್ಚು ಹಿಡಿದಿದೆ. ಟಿಫಿನ್ ಡಬ್ಬಿಯಲ್ಲಿ ತಂದು ಸಾಲಾಗಿ ನಿಲ್ಲಿಸಿದ್ದರು. ಇದೇನು ಲೈಬ್ರರಿಯೋ ತರಕಾರಿ ಮಾರ್ಕೆಟ್ಟೋ. ಒರೆಸಿದ್ದು ನಾನೇ.

ಅಣಬೆ ಗುರುತಿಸಲು ನಮ್ಮಲ್ಲಿರುವುದು ನಾಲ್ಕು ಪುಸ್ತಕ. ಒಂದರಲ್ಲಿ ಬರೀ ಕಪ್ಪು ಗೆರೆಯ ಚಿತ್ರಗಳು. ಎಲ್ಲವೂ ಕೊಡೆಯೇ. ಜೇಬಿನ ಗಾತ್ರದ್ದು ಒಂದಿದೆ, ಸಿಕ್ಕಿದ್ದಕ್ಕೆಲ್ಲ 'ತಿನ್ನಬಹುದು, ಕೆಲವರಿಗೆ ಆಗಿಬರುವುದಿಲ್ಲ' ಎನ್ನುತ್ತದೆ. ಆ ಕೆಲವರು ಯಾರು ಅಂತ ತಿಂದ ಮೇಲೇ ಗೊತ್ತಾಗಬೇಕು. ಇನ್ನೊಂದು ಇಲ್ಲಿ ಯಾರಿಗೂ ಬಾರದ ಭಾಷೆಯದ್ದು. ಚಿತ್ರ ಚೆನ್ನಾಗಿದೆ ಅಂತ ಯಾರೋ ಪುಣ್ಯಾತ್ಮರು ತರಿಸಿದ್ದು. ಮೊಬೈಲ್ ಆ್ಯಪ್ ಅಂತೂ ಕೇಳುವುದೇ ಬೇಡ — ಒಂದೇ ಅಣಬೆ, ಮೂರು ಫೋಟೋ, ಮೂರು ಹೆಸರು.

ನಂಬಬಹುದಾದದ್ದು ದೊಡ್ಡ ಪುಸ್ತಕ ಒಂದೇ. ಎಡಕ್ಕೆ ವಿವರ, ಎದುರಿಗೆ ಬೇರೆ ಹಾಳೆಯಾಗಿ ಅಂಟಿಸಿದ ಬಣ್ಣದ ಚಿತ್ರ. ಹೊಲಿಗೆ ಕಿತ್ತುಹೋಗಿ ಎರಡು ತಿಂಗಳು ಕೆಳಗೆ ಬೈಂಡಿಂಗ್ ರೂಮಿನಲ್ಲಿತ್ತು. ಇವತ್ತು ಬಂತು. ಬೈಂಡರ್ ಅಂಟಣ್ಣ (ಅವನ ಬೆರಳಿನಿಂದ ಅಂಟು ಹೋದದ್ದನ್ನು ಕಂಡವರಿಲ್ಲ) ಅಂಚು ಕತ್ತರಿಸಿ ಮಟ್ಟ ಮಾಡಿಕೊಟ್ಟಿದ್ದಾನೆ. ಹಾಳೆ ಎಣಿಸಿದೆ. ಲೆಕ್ಕ ಸರಿ. ಸಹಿ, ಸೀಲು, ಶೆಲ್ಫು.

ಸೆ. 14, ಶನಿವಾರ

ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ ಅಕ್ಕನ ಫೋನ್. ಅವಳ ಮನೆ ಹಿಂದಿನ ತೋಪಿನಲ್ಲಿ ಬುಟ್ಟಿ ತುಂಬ ಅಣಬೆ ಸಿಕ್ಕಿದೆಯಂತೆ. ಫೋಟೋ ಕಳಿಸಿದಳು. ಬಿಳಿ ತಲೆ, ಕಾಂಡದ ಸುತ್ತ ಲಂಗದಂಥ ಉಂಗುರ.

ದೊಡ್ಡ ಪುಸ್ತಕ ತೆಗೆದೆ. ಐದೇ ನಿಮಿಷ. ತದ್ರೂಪ. ಪಕ್ಕದ ವಿವರ, ನಲವತ್ತೊಂದನೆಯದು: ತಿನ್ನಲು ಯೋಗ್ಯ, ರುಚಿಕರ. ಅಕ್ಷರ ಬಿಡದೆ ಓದಿ ಹೇಳಿದೆ.

"ಅದೆಲ್ಲ ಇರಲಿ, ನೀನು ಹೇಳೇ. ತಿನ್ನಬಹುದಾ?"

"ನಾನು ಹೇಳಲ್ಲ ಅಕ್ಕಾ. ಪುಸ್ತಕ ಹೇಳುತ್ತೆ."

ಇಪ್ಪತ್ತೆರಡು ವರ್ಷದಿಂದ ಎಲ್ಲರಿಗೂ ಇದೇ ಉತ್ತರ. ಒಣಗಿಸಿ ಇಡುತ್ತಾಳಂತೆ, 29ಕ್ಕೆ ನಾನು ಹೋದಾಗ ಅಡುಗೆಯಂತೆ. ಒಬ್ಬಳಿಗೇ ಮಾಡಿಕೊಂಡು ತಿನ್ನಲು ಬೇಜಾರಂತೆ. ಊಟ ಆರಿಹೋಯಿತು.

ಸೆ. 17

ಮೇಷ್ಟ್ರು ತಲೆ ಚಿಟ್ಟು ಹಿಡಿಸಿದರು. ದೊಡ್ಡ ಪುಸ್ತಕವೇ ತಪ್ಪಂತೆ. ವಿವರ ಒಂದು ಹೇಳುತ್ತದಂತೆ, ಚಿತ್ರ ಇನ್ನೊಂದು. ತಜ್ಞರು ಮಾಡಿದ ಪುಸ್ತಕ ಸಾರ್, ನಿಮ್ಮ ಕನ್ನಡಕ ಒಮ್ಮೆ ತೋರಿಸಿಕೊಳ್ಳಿ ಅಂದೆ. ಅನ್ನಬಾರದಿತ್ತು. ಅಂದೆ.

ದೂರಿನ ಚೀಟಿ ಕೇಳಿ, ಅಲ್ಲೇ ಕೂತು, ದುಂಡಗೆ ಬರೆದು ಪೆಟ್ಟಿಗೆಗೆ ಹಾಕಿ ಹೋದರು. ಉತ್ತರ ಕೊಡಬೇಕು. ಹತ್ತು ದಿನದೊಳಗೆ. ನನಗೆ ಬೇರೆ ಕೆಲಸವಿಲ್ಲ ನೋಡಿ.

ಸೆ. 27, ಶುಕ್ರವಾರ, ಸಂಜೆ 4

ಚೀಟಿಗೆ ಇವತ್ತೇ ಕಡೆಯ ದಿನ. ಮೇಷ್ಟ್ರ ಬಾಯಿ ಮುಚ್ಚಿಸೋಣ ಅಂತ ಪುಸ್ತಕ ತೆರೆದೆ.

ಮೂವತ್ತೆಂಟನೇ ವಿವರ: ಟೊಪ್ಪಿ ಕಂದು. ಎದುರಿನ ಚಿತ್ರ: ಹಳದಿ. ಮೂವತ್ತೊಂಬತ್ತು: ಹಳದಿ. ಎದುರು: ಕೆಂಪು. ಕಂದು ಬಣ್ಣದ ಚಿತ್ರ ಹುಡುಕಿದೆ. ನಲವತ್ತೈದರ ಎದುರಿಗೆ ಹೋಗಿ ಕೂತಿದೆ. ಒಂದು ಹಾಳೆ ಜಾಗ ತಪ್ಪಿ, ನಡುವಿನ ಚಿತ್ರಗಳೆಲ್ಲ ಒಂದೊಂದು ನಂಬರ್ ಹಿಂದಕ್ಕೆ ಸರಿದಿವೆ. ಚಿತ್ರದ ಮೂಲೆಯಲ್ಲಿ ನಂಬರ್ ಇರುತ್ತಿತ್ತು. ಅಂಚು ಕತ್ತರಿಸುವಾಗ ಅದೂ ಹೋಗಿದೆ.

ಹಾಗಾದರೆ ನಲವತ್ತೊಂದರ ಎದುರಿಗಿರುವುದು ನಲವತ್ತೆರಡರ ಚಿತ್ರ. ಪುಟ ತಿರುಗಿಸಿ ನಲವತ್ತೆರಡರ ವಿವರ ಓದಿದೆ. ಮಾರಕ. ಮೊದಲ ಕೆಲವು ಗಂಟೆ ಏನೂ ಗೊತ್ತಾಗುವುದಿಲ್ಲ. ಒಣಗಿಸಿದರೂ ಬೇಯಿಸಿದರೂ ವಿಷ ಹೋಗುವುದಿಲ್ಲ.

ಅಕ್ಕನ ನಂಬರ್ ಒತ್ತುತ್ತಿದ್ದೇನೆ.

4.20

ತಿಂದಿಲ್ಲ. ದೇವರೇ. ಜಾಡಿ ಹಾಗೇ ಇದೆ, ನನಗೆ ಕಾಯುತ್ತಿದೆ. ಮುಟ್ಟಬೇಡ, ಮಣ್ಣಲ್ಲಿ ಹೂತುಹಾಕು ಅಂದೆ. ಅಕ್ಕ ಮೆಲ್ಲಗೆ —

"ಅರ್ಧ ಮೇಲಿನ ಮನೆ ಟೈಲರಮ್ಮನಿಗೆ ಕೊಟ್ಟೆ ಕಣೇ. ನನ್ನ ತಂಗಿ ಲೈಬ್ರರಿಯಲ್ಲಿದ್ದಾಳೆ, ಅವಳೇ ನೋಡಿ ಹೇಳಿದ್ದು ಅಂದೆ."

ಟೈಲರಮ್ಮ ಬೆಳಿಗ್ಗೆಯೇ ಮಗಳ ಮನೆಗೆ ಹೊರಟುಹೋಗಿದ್ದಾಳೆ. ಡಬ್ಬಿ ಸಮೇತ. ಮೊಬೈಲ್ ಸ್ವಿಚ್ ಆಫ್. ಮಗಳ ಅಡ್ರೆಸ್ ಯಾರಿಗೂ ಗೊತ್ತಿಲ್ಲ.

6.10

ಸ್ವಿಚ್ ಆಫ್.

ಕೆಳಗೆ ಹೋಗಿ ಅಂಟಣ್ಣನ ಮೇಲೆ ಹಾರಾಡಿದೆ. ಚಿತ್ರದ ಹಾಳೆ ಏಳೆಂಟು ಕಿತ್ತು ಬಂದಿದ್ದವು, ಸಾಲಾಗಿ ಅಂಟಿಸಿದೆ, ಉಳಿದ ಒಂದನ್ನು ಖಾಲಿ ಕಂಡ ಕಡೆ ಹಾಕಿದೆ ಅಂದ. ಅಷ್ಟೇ ಹೇಳಿ ಕೈ ಒರೆಸಿಕೊಂಡ. "ನೀವು ನೋಡೇ ಸಹಿ ಹಾಕಿದ್ರಲ್ಲ ಮೇಡಂ."

ಎಣಿಸಿದ್ದೆ. ನೋಡಿರಲಿಲ್ಲ.

ಸೆ. 28, ಬೆಳಿಗ್ಗೆ 7

ಈಗ ತಾನೇ ಅಕ್ಕ. ಟೈಲರಮ್ಮ ಸಿಕ್ಕಿದಳಂತೆ. ಎಲ್ಲರೂ ಚೆನ್ನಾಗಿದ್ದಾರೆ.

ಮಗಳು ಡಬ್ಬಿ ತೆರೆದು, ಇದು ತಿನ್ನಬಹುದು ಅಂತ ಯಾರು ಹೇಳಿದ್ದು ಅಂದಳಂತೆ. ಲೈಬ್ರರಿ ಪುಸ್ತಕದಲ್ಲೇ ಇದೆಯಂತೆ ಅಂದಳಂತೆ ತಾಯಿ. "ಪುಸ್ತಕ ಏನು ನಮ್ಮ ಜೊತೆ ಊಟಕ್ಕೆ ಕೂತ್ಕೊಳ್ಳುತ್ತಾ?" ಅಂತ ಹೇಳಿ ಮಗಳು ಎಲ್ಲವನ್ನೂ ಕಸಕ್ಕೆ ಸುರಿದಳಂತೆ. ಅಮ್ಮ ಮಗಳಿಗೆ ಜಗಳ ಹತ್ತಿಕೊಂಡಿದೆ. ತಾಯಿ ಮುನಿಸಿಕೊಂಡು ಫೋನ್ ಆಫ್ ಮಾಡಿ ಮಲಗಿದ್ದಾಳೆ. ಅಷ್ಟೇ.

ಬೇರೆ ದಿನವಾಗಿದ್ದರೆ ಆ ಹುಡುಗಿಯ ಮಾತಿಗೆ ಮೈಯೆಲ್ಲ ಉರಿಯುತ್ತಿತ್ತು. ಇವತ್ತು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅತ್ತೆ.

ಸೆ. 30, ಸೋಮವಾರ

ನಿನ್ನೆ ಅಕ್ಕನ ಮನೆಗೆ ಹೋಗಿದ್ದೆ. ಅನ್ನ, ಸಾರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮೇಷ್ಟ್ರು ಹತ್ತಕ್ಕೇ ಬಂದರು, ಅದೇ ಡಬ್ಬಿ. ಮೇಜಿಗೆ ಹಳೇ ಪೇಪರ್ ನಾನೇ ಹಾಸಿದೆ. ನೋಡಿದಿರಾ ಅಂತ ಕೇಳಿದರು. ನೋಡಿದೆ ಸಾರ್ ಅಂದೆ. ತಲೆಯಾಡಿಸಿ ಕನ್ನಡಕ ಒರೆಸಿಕೊಂಡರು.

ದೊಡ್ಡ ಪುಸ್ತಕಕ್ಕೆ ದಾರ ಕಟ್ಟಿ ಬೀರುವಿನೊಳಗಿಟ್ಟೆ. ಮೇಷ್ಟ್ರ ಚೀಟಿಗೆ ಮೂರು ದಿನ ತಡ. 'ಕೈಗೊಂಡ ಕ್ರಮ' ಎನ್ನುವಲ್ಲಿ ಮೊದಲು ಬರೆದದ್ದು: 'ಬೈಂಡಿಂಗ್ ದೋಷ. ಸರಿಪಡಿಸಲಾಗುವುದು.' ಓದಿ ನನಗೇ ಹೇಸಿಗೆಯಾಯಿತು. ಹರಿದೆ. ಇನ್ನೊಂದು ಚೀಟಿ ತೆಗೆದುಕೊಂಡಿದ್ದೇನೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಾವು ಹೇಳಿದ್ದು ಸರಿ. ತಮ್ಮ ಕನ್ನಡಕವೂ ಸರಿಯಾಗಿದೆ. ಹಾಳೆ ಎಣಿಸಿದವಳು ನಾನು. ಪುಟ ತೆರೆದು ನೋಡದೆ ಸಹಿ ಹಾಕಿದವಳು ನಾನು. ಅದೇ ಪುಟವನ್ನು ನಂಬಿ, ನನ್ನ ಸ್ವಂತ ಅಕ್ಕನಿಗೆ ತಿನ್ನಬಹುದು ಎಂದು ಹೇಳಿದವಳು ನಾನು.