ಮೆಲಾಕಾ ಮನೆವಾಣಿ

ಮೆಲಾಕಾ,
ಮಲೇಷ್ಯಾ, ಆಗಸ್ಟ್ 2021, ಶುಕ್ರವಾರ ಸಂಜೆ

ಸಮಸ್ತ ಶ್ರೋತೃ ಮಹಾಶಯರಿಗೆ,

ಅಂದರೆ ಮಣಿಪಾಲದ ಹಾಸ್ಟೆಲಿನಲ್ಲಿ ಮಂಚ ಬಿಟ್ಟು ಏಳದೆ ಇದನ್ನು ಓದಲಿರುವ ನನ್ನ ಏಕಮಾತ್ರ ಪುತ್ರಿ ಕುಮಾರಿ ವಿಸ್ಮಯಾಳಿಗೆ, ಮೆಲಾಕಾ ಮನೆವಾಣಿ ಕೇಂದ್ರದ ನಿರ್ದೇಶಕಿ, ಉದ್ಘೋಷಕಿ ಮತ್ತು ಅಡುಗೆಯವಳಾದ ವಿನೋದಾ ಮಾಡುವ ಆಶೀರ್ವಾದಗಳು. ಹವಾಮಾನ: ಸೆಖೆ. ಮಾರುಕಟ್ಟೆ: ಬಸಳೆ ಸಿಕ್ಕಿತು, ತೆಂಗಿನಕಾಯಿ ಕೊಳೆತಿತ್ತು. ಇಂದಿನ ಸುಭಾಷಿತ ನನ್ನದೇ: ಗಾಳಿಗೆ ಬೇಲಿ ಇಲ್ಲ, ಗಡಿಗೆ ಕೀಲಿ ಉಂಟು, ಮಗಳು ಆಚೆ, ಅಮ್ಮ ಈಚೆ, ನಡುವೆ ಕಡಲಿನ ಗಂಟು.

ನಗಬೇಡ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮಾಡಿದವಳಿಗೆ ಪ್ರಾಸ ಎಂದರೆ ಬಿಕ್ಕಳಿಕೆಯ ಹಾಗೆ, ಬಂದರೆ ತಡೆಯಲಾಗುವುದಿಲ್ಲ. ನೀನು ಅಕ್ಷರ ಕೂಡಿಸಿಕೊಂಡು ಓದುವವಳೆಂದು ದುಂಡಗೆ ಬರೆಯುತ್ತಿದ್ದೇನೆ. ಫೋಟೋ ತೆಗೆದು ಕಳುಹಿಸುತ್ತೇನೆ. ನಿನ್ನ ಕೊನೆಯ ಪೇಪರ್ ನಿನ್ನೆಗೆ ಮುಗಿಯಿತಲ್ಲ, ಇನ್ನು ಓದಲು ಇದಾದರೂ ಇರಲಿ.

ನಿನ್ನೆ ನೀನು ಫೋನಿನಲ್ಲಿ ಸಿಟ್ಟು ಮಾಡಿದೆ. ‘ಅಮ್ಮಾ, ಅಪ್ಪನ ವಾಯ್ಸ್ ಕೇಳದೆ ಎಷ್ಟು ದಿನ ಆಯ್ತು! ಅವರ ಫೋನ್ ಬಕೆಟ್‌ಗೆ ಬಿದ್ರೆ ಏನು, ರೇಡಿಯೋ ಇದೆ ಅಲ್ಲ? ನಾಳೆ ಜಸ್ಟ್ ರೇಡಿಯೋ ಪಕ್ಕ ನಿನ್ನ ಫೋನ್ ಇಡು ಲಾ, ಒನ್ ಮಿನಿಟ್’ ಎಂದೆ, ಇಲ್ಲಿಯವರ ‘ಲಾ’ ಬಿಡದೆ. ನಾನು ಸಿಗ್ನಲ್ಲು, ಗಲಾಟೆ, ಅಜ್ಜಿಯ ಜಪ ಎಂದೇನೋ ಹೇಳಿ ಫೋನಿಟ್ಟೆ. ಆ ಉತ್ತರ ನಿನಗೆ ಸಾಲಲಿಲ್ಲವೆಂದು ಗೊತ್ತು. ಅದಕ್ಕೇ ಈ ಕೇಂದ್ರದ ಚರಿತ್ರೆಯನ್ನು ಮೊದಲಿನಿಂದ ಹೇಳುತ್ತೇನೆ. ಪತ್ರದಲ್ಲಿ ಒಂದು ಅನುಕೂಲವಿದೆ. ವಾಕಿಟಾಕಿಯಲ್ಲಿ ಒಬ್ಬರು ಗುಂಡಿ ಒತ್ತಿಕೊಂಡಿರುವಷ್ಟು ಹೊತ್ತು ಇನ್ನೊಬ್ಬರ ಮಾತು ಕೇಳಿಸದು. ಇದೂ ಹಾಗೆಯೇ. ಗುಂಡಿ ಈಗ ನನ್ನ ಕೈಯಲ್ಲಿದೆ.

ಅಪ್ಪನಿಗೆ ಪಾಸಿಟಿವ್ ಬಂದು, ನಮ್ಮಿಬ್ಬರಿಗೆ ನೆಗೆಟಿವ್ ಬಂದ ದಿನ ಅವರು ಎದುರು ಬ್ಲಾಕಿನ ಜನಾರ್ದನ ಡಾಕ್ಟರ ಫ್ಲಾಟಿಗೆ ಹೋದದ್ದು ನಿನಗೆ ಗೊತ್ತಿದೆ. ಜನಾರ್ದನ ಡಾಕ್ಟರು ರಜೆಗೆಂದು ಉಡುಪಿಗೆ ಹೋದವರು ಗಡಿ ಮುಚ್ಚಿ ಅಲ್ಲೇ ಉಳಿದಿದ್ದರಿಂದ ಕೀಲಿ ನಮ್ಮಲ್ಲೇ ಇತ್ತು. ತೊಂದರೆ ಆದದ್ದು ಅಜ್ಜಿಗೆ. ಫೋನಿನ ಗಾಜಿನ ಮೇಲೆ ಅವರ ಬೆರಳು ಕೆಲಸ ಮಾಡುವುದಿಲ್ಲ. ಮಗನ ಕರೆ ಎತ್ತಲು ಹೋಗಿ ಪ್ರತಿಸಲ ಕತ್ತರಿಸುತ್ತಿದ್ದರು. ವೀಡಿಯೋದಲ್ಲಿ ಮಾಸ್ಕ್ ಹಾಕಿದ ಅಪ್ಪನನ್ನು ನೋಡಿ, ‘ಬಾಯಿ ಕಟ್ಟಿ ಹಾಕಿದ್ದಾರಲ್ಲ ನನ್ನ ಮಗನಿಗೆ’ ಎಂದು ಊಟ ಬಿಟ್ಟರು.

ಆಗ ಅಪ್ಪನಿಗೆ ಕ್ಯಾಮರೂನ್ ಹೈಲ್ಯಾಂಡ್ಸ್ ಬೆಟ್ಟದ ಪ್ರವಾಸದ ವಾಕಿಟಾಕಿ ಜೋಡಿ ನೆನಪಾಯಿತು. ಎರಡು ಕಾರಿನಲ್ಲಿ ಹೋಗುವಾಗ ಕೊಂಡು, ನೀನು ಆಟದ ಸಾಮಾನು ಮಾಡಿಕೊಂಡಿದ್ದೆಯಲ್ಲ, ಅವೇ. ಪರವಾನಗಿ ಬೇಡದ ಪುಟಾಣಿ ಶಕ್ತಿಯ ಸೆಟ್ಟು; ಕಾಂಕ್ರೀಟು ಗೋಡೆ ಅಡ್ಡ ಬಂದರೆ ಗೊರಗೊರ ಮಾತ್ರ. ಅಪ್ಪ ಎದುರು ಬಾಲ್ಕನಿಯಲ್ಲಿ ನಿಂತು ಕೈಸನ್ನೆ ಮಾಡುತ್ತ, ಕೆಮ್ಮುತ್ತ ನನ್ನಿಂದ ಕೆಲಸ ಮಾಡಿಸಿದರು. ಒಂದು ಸೆಟ್ಟನ್ನು ನಮ್ಮ ಬಾಲ್ಕನಿಯ ಬಟ್ಟೆ ಒಣಗಿಸುವ ಕೋಲಿನ ತುದಿಗೆ ಕಟ್ಟಿದೆ. ಗುಂಡಿಯೂ ಸ್ಪೀಕರೂ ಇರುವ ಅದರ ಉದ್ದ ತಂತಿಯ ಮೈಕನ್ನು ಕಿಟಕಿಯಿಂದ ಒಳಗೆಳೆದು ದೇವರ ಮಂಟಪದ ಪಕ್ಕದ ಮೇಜಿಗೆ ತಂದೆ. ಮಳೆ ಬಿದ್ದರೆಂದು ಸೆಟ್ಟಿಗೆ ಹೋಟೆಲಿನ ಊಟ ತಪಾವ್ ಕಟ್ಟಿಸಿ ತಂದ ಪ್ಲಾಸ್ಟಿಕ್ ಚೀಲದ ಟೋಪಿ. ಮನೆವಾಣಿ ಕೇಂದ್ರ ಲೋಕಾರ್ಪಣೆಯಾಯಿತು. ಅತಿಥಿಗಳು: ಅಜ್ಜಿ ಮತ್ತು ಒಂದು ಹಲ್ಲಿ.

ಮೊದಲ ದಿನ ಅಜ್ಜಿ ಪಟ್ಟೆಸೀರೆ ಉಟ್ಟು ಬಂದರು. ‘ಸುಬ್ರಾಯಾ’ ಎಂದು ಕರೆದು, ಗುಂಡಿ ಬಿಡದೆಯೇ ಕಾದು ಕಾದು, ‘ಎಂತ, ಮಾತೇ ಇಲ್ವಲ್ಲ ಇವನಿಗೆ!’ ಎಂದು ಬೈದರು. ಆ ಬೈಗಳಷ್ಟನ್ನೂ ಅಪ್ಪ ಕೇಳಿಸಿಕೊಂಡರು. ಕೊನೆಗೆ ನಾನು ಅವರ ಹೆಬ್ಬೆರಳನ್ನು ಹಿಡಿದು ಎತ್ತಿದಾಗ ಅಪ್ಪನ ನಗು ಬಂತು, ಕೆಮ್ಮಿನ ಸಮೇತ.

ಮಾತು ಮುಗಿದಾಗ ‘ಓವರ್’ ಎನ್ನಬೇಕೆಂದು ಅಪ್ಪ ಕಲಿಸಲು ನೋಡಿದರು. ಅಜ್ಜಿ ಕೇಳಲಿಲ್ಲ. ‘ಹುಷಾರಿಲ್ಲದವನ ಹತ್ರ ಮುಗೀತು ಅಂತ ಯಾರಾದ್ರೂ ಹೇಳ್ತಾರಾ? ಹೊರಡುವಾಗಲೂ ಬರ್ತೇನೆ ಅಂತ್ಲೇ ಹೇಳುದು ನಾವು’ ಎಂದರು. ಅಂದಿನಿಂದ ನಮ್ಮ ಕೇಂದ್ರದಲ್ಲಿ ಓವರ್ ಇಲ್ಲ. ‘ಗಂಜಿ ಕುಡಿದ್ಯಾ ಮಗಾ? ಬರ್ತೇನೆ.’ ‘ಕುಡಿದೆ ಅಮ್ಮ. ಬರ್ತೇನೆ.’ ಇಬ್ಬರೂ ಬರುತ್ತೇನೆ ಬರುತ್ತೇನೆ ಎನ್ನುತ್ತಾರೆ, ಯಾರೂ ಎಲ್ಲಿಗೂ ಬರುವುದಿಲ್ಲ. ದಿನಾ ದೀಪ ಹಚ್ಚಿದ ಮೇಲೆ ಇದೇ ಪ್ರಸಾರ.

ಅಪ್ಪನ ಮಾತು ಹೇಗಿದೆ ಎಂದು ಕೇಳಿದ್ದೆಯಲ್ಲ. ಈ ವಾರ ಮಾತು ಕಮ್ಮಿ, ದನಿ ಸ್ವಲ್ಪ ಒಡಕು. ಆದರೆ ಆಶ್ಚರ್ಯವೆಂದರೆ ನಿನ್ನ ಅಪ್ಪನಿಗೂ ಪ್ರಾಸ ಅಂಟಿಕೊಂಡಿದೆ! ಮಂಗಳವಾರ ಅಜ್ಜಿ ಜ್ವರ ಹೇಗುಂಟು ಎಂದು ಕೇಳಿದ್ದಕ್ಕೆ, ‘ಜ್ವರ ಇಳಿದಿದೆ, ಸ್ವರ ಉಳಿದಿದೆ’ ಎಂದರು. ಬುಧವಾರ, ‘ಗಂಜಿ ಕುಡಿದೆ, ಅಂಜಿಕೆ ಬಿಡು.’ ಇಪ್ಪತ್ತು ವರ್ಷ ನನ್ನ ಪ್ರಾಸಕ್ಕೆ ಪೇಪರಿನಿಂದ ತಲೆ ಎತ್ತದ ಮನುಷ್ಯ! ಅಜ್ಜಿಗೂ ವಿಚಿತ್ರ ಕಂಡಿರಬೇಕು.

ನಿನ್ನೆಯ ಪ್ರಸಾರದಲ್ಲಿ ಅಜ್ಜಿ ಗಂಜಿಯ ಸುದ್ದಿಯನ್ನೇ ಎತ್ತಲಿಲ್ಲ. ಹೀಗೆ ಹೇಳಿದರು: ‘ಮಗಾ, ನಿನ್ನ ಹೆಂಡತಿ ದಿನಾ ಇದೇ ಹೊತ್ತಿಗೆ ಕಸ ಹಾಕ್ಲಿಕ್ಕೆ ಹೋಗ್ತಾಳೆ. ಇಬ್ಬರೇ ಇರುವ ಮನೇಲಿ ಅಷ್ಟು ಕಸ ಎಲ್ಲುಂಟು? ಮೆಟ್ಟಿಲಲ್ಲಿ ಸೊಳ್ಳೆ ಕಚ್ತದೆ. ಒಳಗೆ ಬಂದು ಊಟ ಮಾಡ್ಲಿಕ್ಕೆ ಹೇಳು ಅವಳಿಗೆ. ಬರ್ತೇನೆ.’

ವಯಸ್ಸಾಯಿತು, ಏನೇನೋ ಹೇಳುತ್ತಾರೆ.

ಇಷ್ಟು ಇಂದಿನ ವಾರ್ತೆ. ಹೊಟ್ಟೆತುಂಬ ಉಣ್ಣು, ಮಾಸ್ಕ್ ತೆಗೆಯಬೇಡ, ಹಾಸ್ಟೆಲಿನ ನೀರನ್ನು ಕುದಿಸದೆ ಕುಡಿಯಬೇಡ. ಅಪ್ಪನ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂತಿಟ್ಟಿದ್ದೇನೆ, ಒಣಗಿದ ಮೇಲೆ ನೋಡೋಣ.

ಬರ್ತೇನೆ,
ನಿನ್ನ ಅಮ್ಮ
ವಿನೋದಾ

ತಾ.ಕ.: ಪತ್ರದ ಫೋಟೋ ತೆಗೆಯಲು ಹೋದೆ, ಆಗಲಿಲ್ಲ ಮಗಳೇ. ಮೇಲಿನ ಕೊನೆಯ ಸಾಲನ್ನು ಹೊಡೆದುಹಾಕು. ಫೋನು ಅಕ್ಕಿ ಡಬ್ಬಿಯಲ್ಲಿರುವುದು ನಿಜ, ಒದ್ದೆಯಾದದ್ದು ಸುಳ್ಳು. ನಾನೇ ಅದನ್ನು ಸ್ವಿಚ್ ಆಫ್ ಮಾಡಿ ಇಟ್ಟೆ, ನಿನ್ನ ಕರೆ ಬರುವುದನ್ನು ನೋಡಲಾಗದೆ. ಆಸ್ಪತ್ರೆಯವರು ಅದನ್ನು ಅಪ್ಪನ ಬಟ್ಟೆಗಳ ಜತೆ ಚೀಲದಲ್ಲಿ ಹಾಕಿ ಕೊಟ್ಟರು.

ಸೋಮವಾರ ಮಧ್ಯಾಹ್ನ ಅಜ್ಜಿ ಮಲಗಿದ್ದಾಗ ಆಂಬುಲೆನ್ಸ್ ಬಂತು. ಅಪ್ಪ ತಾವೇ ನಡೆದು ಹೋಗಿ ಹತ್ತಿದರು. ತಮ್ಮ ಸೆಟ್ಟನ್ನು ಆ ಫ್ಲಾಟಿನ ಚಪ್ಪಲಿ ಗೂಡಿನ ಮೇಲೆ ಇಟ್ಟು, ತೆಗೆದುಕೋ ಎಂದು ನನಗೆ ಕೈಸನ್ನೆ ಮಾಡಿದರು. ಅಂದು ಸಂಜೆ ಅಜ್ಜಿ ದೀಪ ಹಚ್ಚಿ, ಮೈಕು ಹಿಡಿದು ಕಾದು ಕೂತರು. ನಾನು ಕಸದ ಚೀಲದ ಜತೆ ಆ ಸೆಟ್ಟನ್ನೂ ಹಿಡಿದು ಮೆಟ್ಟಿಲಿಗೆ ಹೋದೆ. ಬಾಯಿಗೆ ಸೆರಗು ಒತ್ತಿ, ದನಿ ದಪ್ಪ ಮಾಡಿ ‘ಅಮ್ಮ’ ಎಂದೆ. ಈ ವಾರ ಮಾತಾಡಿದ ಅಪ್ಪ ನಾನು. ಪ್ರಾಸವನ್ನಾದರೂ ನುಂಗಿಕೊಳ್ಳಬೇಕಿತ್ತು, ಹೆದರಿಕೆಗೆ ಅದೇ ಬಾಯಿಗೆ ಬಂತು. ಅಜ್ಜಿ ಹಿಡಿದದ್ದೂ ಅದರಿಂದಲೇ.

ನಿನ್ನೆ ಸೊಳ್ಳೆಯ ಮಾತು ಕೇಳಿ ನಾನು ಒಳಗೆ ಬಂದಾಗ ಅಜ್ಜಿ ಎರಡು ಬಟ್ಟಲು ಇಟ್ಟಿದ್ದರು. ಅಳಲಿಲ್ಲ, ಬೈಯಲಿಲ್ಲ. ‘ಉಸಿರು ಉಂಟಾ?’ ಎಂದು ಕೇಳಿದರು. ‘ಉಂಟು ಅತ್ತೆ, ಯಂತ್ರದಲ್ಲಿ’ ಎಂದೆ. ‘ಹಾಗಾದ್ರೆ ಬಡಿಸು’ ಎಂದರು. ಊಟದ ನಡುವೆ ಒಂದೇ ಮಾತು: ‘ಮಗುವಿಗೆ ಹೇಳಿದ್ಯಾ?’

ಹೇಳಿರಲಿಲ್ಲ. ಪರೀಕ್ಷೆ ಮುಗಿಯಲಿ ಎಂದಿದ್ದೆ. ಅದು ಮುಗಿದ ಮೇಲೂ ಇಷ್ಟುದ್ದ ತಮಾಷೆ ಬರೆದು ನೋಡಿದೆ. ಯಂತ್ರ ಯಾವಾಗ ತೆಗೆಯುತ್ತೇವೆಂದು ಆಸ್ಪತ್ರೆಯ ಡಾಕ್ಟರು ಹೇಳುತ್ತಿಲ್ಲ. ತೆಗೆಯುತ್ತೇವೆಂದೂ ಹೇಳುತ್ತಿಲ್ಲ.

ನಾಳೆ ದೀಪದ ಹೊತ್ತಿಗೆ ಫೋನ್ ಮಾಡು. ರೇಡಿಯೋದಲ್ಲಿ ಯಾರೂ ಇರುವುದಿಲ್ಲ. ಮೇಜಿನ ಹತ್ತಿರ ಅಜ್ಜಿ ಮತ್ತು ನಾನು ಇರುತ್ತೇವೆ. ಅಜ್ಜಿಗೆ ನಿನ್ನ ಅಪ್ಪನ ದನಿ ಮಾಡಿದೆ. ನಿನಗೆ ಮಾಡಲಾರೆ.

ಗುಂಡಿ ಬಿಟ್ಟಿದ್ದೇನೆ. ಮಾತಾಡು.