ಎರಡರ ಪಕ್ಕದ ಗೆರೆ

ಮಂಗಳವಾರ, 4. ಬೆಳಿಗ್ಗೆ 9.10

ಕಪಾಟಿನ ಮಹಾಜನರೇ, ಮೇಲ್ಸಾಲಿನ ಆಮ್ಲಗಳೇ, ಕೆಳಸಾಲಿನ ಲವಣಗಳೇ! ಇಪ್ಪತ್ತು ವರ್ಷದಿಂದ ನಿಮ್ಮ ಧೂಳು ಒರೆಸಿದ ಲ್ಯಾಬ್ ಅಸಿಸ್ಟೆಂಟ್ ಎರಡು ಮಾತು ಆಡಬಯಸುತ್ತಾನೆ. ನಮ್ಮ ನಡುವೆ ಕಳ್ಳಗೈ ಸೇರಿದೆ. ನಾನು ಕಪ್ಪು ಮಸಿಯಲ್ಲಿ ಬರೆದಿದ್ದ 'ಐರನ್ (II) ಸಲ್ಫೇಟ್' ಚೀಟಿ ಈಗ 'ಐರನ್ (III)'. ಮೂರನೇ ಗೆರೆ ನೀಲಿ. ರಬ್ಬರ್ ಬಿರಡೆಯೂ ಮಾಯ — ಬಾಟಲಿಯ ಬಾಯಿಗೆ ಹತ್ತಿ ತುರುಕಿದ್ದಾರೆ.

ಕಬ್ಬಿಣಕ್ಕೆ ಎರಡು ವೇಷ. ಯಾವುದೆಂದು ಹೇಳುವುದು ಆ ಗೆರೆಗಳೇ. ಮಕ್ಕಳಿಗೆ ನಾನೇ ಕಟ್ಟಿಕೊಟ್ಟ ಪದ್ಯ:

ಫೆರಸ್ ಎರಡು, ಫೆರಿಕ್ ಮೂರು;
ತಪ್ಪಿ ಬರೆದರೆ ಪೇಪರ್ ಚೂರು.

ನೀಲಿ ಪೆನ್ನು ಯಾರದು? ಹೊಸ ಕೆಮಿಸ್ಟ್ರಿ ಮೇಡಂದು. ಬಂದು ಮೂರು ತಿಂಗಳು. ಟೆಂಪರರಿ.

ಬುಧವಾರ, 5

ಕಪಾಟಿನ ಮುಂದೆ ಬಗ್ಗಿ ನಿಂತಿದ್ದರು. ಹಿಡಿದೆ.

"ಏನ್ ಹುಡುಕ್ತಿದೀರಿ ಮೇಡಂ?"

"ಒಂದ್ ವಿಷ್ಯ ಹೇಳ್ಬೇಕಿತ್ತು ಸರ್. ನೀವು ಬೇಜಾರ್ ಮಾಡ್ಕೋಬಾರ್ದು... ಆ ಫೆರಸ್ ಬಾಟ್ಲಿ—"

"ಹೇಳೋದಿದ್ರೆ ಪ್ರಿನ್ಸಿಪಾಲ್ ಹತ್ರ ಹೇಳಿ."

ನಕ್ಕು ಹೋದರು. ಯಾಕೆ ನಗು? ನನ್ನ ಕುರ್ಚಿಯ ಮೇಲೆ ಕಣ್ಣಿದ್ದರೂ ಇದ್ದೀತು. ಕುರ್ಚಿಗೆ ಮೂರೇ ಕಾಲು, ಅದು ಬೇರೆ ಮಾತು.

ಶುಕ್ರವಾರ, 7

ದೂರು ಕೊಟ್ಟೆ. ಒಂದೂವರೆ ಪುಟ. 'ಉದ್ದೇಶಪೂರ್ವಕ' ಎರಡು ಸಲ.

ಪ್ರಿನ್ಸಿಪಾಲರು ಕನ್ನಡಕ ಏರಿಸಿದರು. "ಸೋಮವಾರ ಆಕೆ ಕಾಂಟ್ರಾಕ್ಟ್ ರಿನ್ಯೂ ಆಗ್ಬೇಕು. ಇದು ನಿಜ ಆದ್ರೆ ನಾನು ಸೈನ್ ಹಾಕಲ್ಲ. ಖಾತ್ರಿನಾ?"

ಖಾತ್ರಿ ಎಂದೆ.

ಭಾನುವಾರ, 9

ನನ್ನವಳು ಏಪ್ರನ್ ಒಗೆಯಲು ಜೇಬು ತಡಕಿದಳು. "ಏನ್ರೀ ಇದು, ಬಿರಡೆ! ಯಾವ ಬಾಟ್ಲಿದು? ಹೊಸ ಚಟ ಶುರುನಾ?"

ರಬ್ಬರ್ ಬಿರಡೆ. ಹೋದ ತಿಂಗಳು ಆ ಫೆರಸ್ ದ್ರಾವಣ ಮಾಡುವಾಗ ಫೋನ್ ಬಂದಿತ್ತು...

ಸೋಮವಾರ, 10. ಬೆಳಿಗ್ಗೆ 8.25

ಲ್ಯಾಬಿನಲ್ಲಿ ನಾನೊಬ್ಬನೇ. ಬಾಟಲಿಯ ದ್ರಾವಣ ಕೊಂಚ ತೆಗೆದು ಒಂದು ಹನಿ ಥಯೋಸಯನೇಟ್ ಬಿಟ್ಟೆ; ಫೆರಿಕ್ ಇದ್ದರೆ ಕೆಂಪಾಗುತ್ತದೆ. ರಕ್ತಗೆಂಪು. ಅಂದರೆ ಮೂರು. ಬಾಯಿ ತೆರೆದಿದ್ದ ಬಾಟಲಿಗೆ ಗಾಳಿ ತಗುಲಿ ಎರಡು ಮೂರಾಗಿದೆ. ಬಾಟಲಿ ತಿರುಗಿಸಿದರೆ ಹಿಂಬದಿಯಲ್ಲಿ ಸಣ್ಣ ನೀಲಿ ಅಕ್ಷರ: 'ತೆರೆದಿತ್ತು. ಪರೀಕ್ಷಿಸಿದೆ. ಈಗ III. ಸರ್‌ಗೆ ತಿಳಿಸಬೇಕು.'

ಮಹಾಜನರೇ—

ಬೇಡ. ಸಾಕು ಭಾಷಣ. ಮಂಗಳವಾರವೇ ಬಣ್ಣ ನೋಡಿದ್ದೆ. ಫೆರಸ್‌ನ ಹಸಿರಿರಲಿಲ್ಲ, ಫೆರಿಕ್‌ನ ಕಂದು. ಗೆರೆ ಸರಿ ಎಂದು ಆಗಲೇ ಗೊತ್ತಿತ್ತು. ನನ್ನ ಚೀಟಿಯನ್ನು ಇನ್ನೊಬ್ಬರು ತಿದ್ದಿದ್ದು ಸಹಿಸಲಾಗಲಿಲ್ಲ. ಬಣ್ಣದ ಮಾತನ್ನು ಈ ಡೈರಿಯಲ್ಲಿ ಕೂಡ ಬರೆಯಲಿಲ್ಲ.

ಪ್ರಿನ್ಸಿಪಾಲರ ಬಾಗಿಲು ತೆಗೆದ ಸದ್ದು. ಬಿರಡೆ ಕೈಯಲ್ಲೇ ಇದೆ. ಹೋಗಿ ಹೇಳಿಬಿಡುತ್ತೇನೆ.