ಬಗಲಲ್ಲಿ ಹೊತ್ತ ಹುಲ್ಲು

ಅತ್ತೆ,

ನೀವು ಕೊಟ್ಟ ಹುಲ್ಲಿನ ತುಂಡು ಇವತ್ತು ಹೋಯಿತು. ಬೈಯಲು ನೀವಿಲ್ಲ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ.

ನೀವು ತೀರಿಹೋದಮೇಲೆ ಇವತ್ತೇ ಮೊದಲು ಗಾಲ್ಫ್ ಆಡಲು ಹೋದದ್ದು. ಪಕ್ಕದ ಮನೆಗೆ ಹೊಸದಾಗಿ ಬಂದ ಜೋರ್ಕಾ ಜೊತೆಗಿದ್ದಳು. ಒಂದು ಒಳ್ಳೆಯ ಹೊಡೆತ ಹೊಡೆದು, ಕೆಂಪು ದಿಬ್ಬಗಳ ಮೇಲೆ ಸಂಜೆಬಿಸಿಲು ಜಾರುವುದನ್ನು ನೋಡುತ್ತ ನಿಂತೆ. ಅಷ್ಟರಲ್ಲಿ ಗಾಳಿ, ಚೆಂಡಿನ ಕೆಳಗೆ ಹಾಸಿದ್ದ ಆ ಪ್ಲಾಸ್ಟಿಕ್ ಹುಲ್ಲನ್ನು ಎತ್ತಿಕೊಂಡು ಹೋಯಿತು. ಹಿಂದೆಯೇ ಓಡಿದೆ. ಹಳೆಯ ಓಪಲ್ ರತ್ನದ ಗಣಿಯ ಗುಂಡಿ ಕಂಡದ್ದೇ ನಿಮ್ಮ ದನಿ ಕೇಳಿದ ಹಾಗಾಯಿತು: "ಈ ಊರಲ್ಲಿ ಓಡಬಾರದು ಕಣೇ, ನೆಲ ನಂಬಬೇಡ." ಹುಲ್ಲು ಗುಂಡಿಗೆ ಬಿತ್ತು. ನಾನು ಬೀಳಲಿಲ್ಲ.

ಜೋರ್ಕಾ ಏದುಸಿರು ಬಿಡುತ್ತ ಬಂದಳು. "ಅಂಗೈಯಗಲ ಪ್ಲಾಸ್ಟಿಕ್ಕಿಗೆ ಪ್ರಾಣ ಕೊಡ್ತೀಯಾ? ಅಂಗಡೀಲಿ ಬೇಕಾದಷ್ಟು ಸಿಗತ್ತೆ!"

ಸಿಗುತ್ತದೆ. ಆದರೆ ನಾನು ಆಸ್ಟ್ರೇಲಿಯಾದ ಈ ಮರುಭೂಮಿಗೆ, ಕೂಬರ್ ಪೀಡಿಗೆ, ಸೊಸೆಯಾಗಿ ಬಂದ ವಾರ, ನೀವು ನಿಮ್ಮದನ್ನೇ ಕತ್ತರಿಸಿ ಅರ್ಧ ಕೊಟ್ಟಿರಿ. "ಇಲ್ಲಿ ಗಾಲ್ಫ್ ಮೈದಾನದಲ್ಲೂ ಬರೀ ಕಲ್ಲು. ಚೆಂಡಿನ ಕೆಳಗೆ ಹಾಸೋಕೆ ನಿನ್ನ ಹುಲ್ಲು ನೀನೇ ಹೊರಬೇಕು" ಅಂದಿರಿ. ನಿಮ್ಮ ಮಗ ನನ್ನನ್ನು ಬಿಟ್ಟು ಹೋದಾಗಲೂ ಭಾನುವಾರ ಬಾಗಿಲು ಬಡಿದಿರಿ. "ಅವನು ಹೋದ್ರೆ ಹಾಳಾಗಿ ಹೋಗ್ಲಿ. ಆಟ ಯಾಕೆ ಬಿಡ್ತೀಯ? ಏಳೇ!"

"ಅಷ್ಟಕ್ಕೂ ಯಾರದ್ದದು?" ಅಂತ ಜೋರ್ಕಾ ಕೇಳಿದಳು.

"ನಮ್ಮಮ್ಮಂದು" ಅಂದುಬಿಟ್ಟೆ.

ಅವಳು ತನ್ನ ತುಂಡನ್ನು ನನ್ನ ಚೆಂಡಿನ ಕೆಳಗೆ ಹಾಸಿದಳು. ಉಳಿದ ಆಟವನ್ನೆಲ್ಲ ಅದರ ಮೇಲೇ ಆಡಿದೆ.

ಚೆನ್ನಾಗಿಯೇ ಆಡಿದೆ, ಅಮ್ಮಾ.